ಗೇಟಿನ ಬೋರ್ಡು ಬರೆದವನು

ವೇದಿಕೆಯ ಮೇಲಿರುವ, ಕುವೈತಿನ ನಮ್ಮ ಕನ್ನಡಿಗರ ಸಂಘದ ಅಧ್ಯಕ್ಷರಾದ ಡಾಕ್ಟರ್ ಶ್ಯಾಮಸುಂದರ್ ಅವರೇ, ಊರಿನಿಂದ ಬಂದಿರುವ ಮುಖ್ಯ ಅತಿಥಿಗಳೇ, ಮಕ್ಕಳಿಂದ ಇಷ್ಟು ಚೆಂದದ ನಾಟಕ ಆಡಿಸಿದ ಕಾವೇರಮ್ಮ ಟೀಚರೇ, ಕೆಳಗೆ ಮೆತ್ತನೆಯ ಕುರ್ಚಿಗಳಲ್ಲಿರುವ ಫ್ಯಾಮಿಲಿ ಸಭಿಕರೇ, ಮೇಲೆ ಬಾಲ್ಕನಿಯಲ್ಲಿ ಜಾಗ ಸಿಗದೆ ನಿಂತಿರುವ ಬ್ಯಾಚುಲರ್ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಸಾಕು. ಹೊರಗೆ ಗೇಟಿನ ಹತ್ತಿರ ಒಬ್ಬರು ನನಗಾಗಿ ಕಾಯುತ್ತಿದ್ದಾರೆ, ನಾನೂ ಬೇಗ ಹೋಗಬೇಕು. ನಾನು ಇಲ್ಲಿನ ರಾಯ್ ಎಂಬ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಬೋರ್ಡು ಬರೆಯುವವನು. ಬೋರ್ಡಿನಲ್ಲಿ ನಾಲ್ಕು ಶಬ್ದಕ್ಕಿಂತ ಹೆಚ್ಚು ಬರೆದರೆ ಗಿರಾಕಿಗಳು ಬೈಯುತ್ತಾರೆ. ಹಾಗಾಗಿ ಭಾಷಣ ನನಗೆ ಅಭ್ಯಾಸವಿಲ್ಲ, ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಪ್ಪತ್ತು ವರ್ಷದಿಂದ ಸಂಘದ ರಂಗಸಜ್ಜಿಕೆ, ಬ್ಯಾನರು, ಬೋರ್ಡು ಎಲ್ಲ ಮಾಡಿದ್ದೇನೆಂದು ಇವತ್ತು ನನಗೆ ಶಾಲು ಹೊದೆಸಿದ್ದೀರಿ. ಸಂತೋಷ. ನಿರೂಪಕಿಯವರು ನನ್ನನ್ನು "ನಮ್ಮ ಸಂಘದ ಅತ್ಯಂತ ಹಿರಿಯ ಬ್ಯಾಚುಲರ್ ಬರ್ನಾರ್ಡ್ ಮೆನೇಜಸ್" ಎಂದು ಕರೆದಾಗ ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಆದರೆ ಮುಖ್ಯ ಅತಿಥಿಗಳು ನನ್ನ ಕಡೆ ಬಾಗಿ, "ಪಾಪ, ನೀವು ಮದುವೆಯೇ ಆಗಲಿಲ್ಲವಾ?" ಎಂದು ಕೇಳಿದರು.

ಸರ್, ಆಗಿದ್ದೇನೆ. ಪಾಂಬೂರು ಇಗರ್ಜಿಯಲ್ಲಿ, ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ. ಇಬ್ಬರು ಹೆಣ್ಣುಮಕ್ಕಳು, ಒಬ್ಬಳಿಗೆ ಮದುವೆಯೂ ಆಯಿತು. ಆದರೆ ಇಲ್ಲಿ ಹೆಂಡತಿಯನ್ನು ಕರೆಸಿ ಜತೆಗಿಟ್ಟುಕೊಳ್ಳುವಷ್ಟು ಸಂಬಳ ಇರುವವನು ಫ್ಯಾಮಿಲಿ, ಇಲ್ಲದವನು ಬ್ಯಾಚುಲರ್. ಅಜ್ಜನಾದರೂ ಬ್ಯಾಚುಲರೇ. ಮಹಬೂಲಾದಲ್ಲಿ ನಮ್ಮ ಒಂದು ಕೋಣೆಯಲ್ಲಿ ಆರು ಜನ ಇದ್ದೇವೆ. ಆರು ಜನರಿಗೆ ಸೇರಿ ಹದಿಮೂರು ಮಕ್ಕಳು. ಆರೂ ಜನ ಬ್ಯಾಚುಲರ್ಸ್! ಬಾಲ್ಕನಿಯಲ್ಲಿ ಶಿಳ್ಳೆ ಹೊಡೆಯಬೇಡಿ ಮಾರಾಯರೇ, ಸೆಕ್ಯುರಿಟಿಯವರು ಬರುತ್ತಾರೆ.

ಇನ್ನು ನಾಟಕದ ವಿಷಯ. ಪ್ರತಿ ವರ್ಷ ಕಾವೇರಮ್ಮ ಟೀಚರು ಚರಿತ್ರೆಯ ಒಂದು ವರ್ಷವನ್ನು ಆರಿಸಿ ಮಕ್ಕಳಿಂದ ಆಡಿಸುತ್ತಾರೆ. ಈ ಸಲ ಸಾವಿರದ ಒಂಬೈನೂರ ಹದಿಮೂರು, ದಕ್ಷಿಣ ಆಫ್ರಿಕಾ. ಬ್ರಿಟಿಷ್ ಸಾಮ್ರಾಜ್ಯದೊಳಗಿನ ಆ ಹೊಸ ದೇಶಕ್ಕೆ ಆಗಿನ್ನೂ ಮೂರು ವರ್ಷ. ನಾನು ಓದಿದ್ದು ಎಂಟನೇ ಕ್ಲಾಸು. ಮೂರು ತಿಂಗಳು ರಿಹರ್ಸಲ್‌ನಲ್ಲಿ ಮೊಳೆ ಹೊಡೆಯುತ್ತಾ ಹೊಡೆಯುತ್ತಾ ಆ ಇಡೀ ವರ್ಷ ನನಗೆ ಬಾಯಿಪಾಠ ಆಯಿತು.

ಆ ವರ್ಷ ಅಲ್ಲಿನ ಕಪ್ಪು ಜನ ತಮ್ಮದೇ ದೇಶದ ಹೆಚ್ಚಿನ ಕಡೆ ನೆಲ ಕೊಳ್ಳಬಾರದು ಎಂದು ಕಾನೂನು ಬಂತು. ಬ್ಲೂಮ್‌ಫಾಂಟೇನ್ ಎಂಬ ಪಟ್ಟಣದಲ್ಲಿ ಕಪ್ಪು ಹೆಂಗಸರು, ನಾವು ಪಾಸ್ ಇಟ್ಟುಕೊಂಡು ತಿರುಗುವುದಿಲ್ಲ ಎಂದು ಹೇಳಿ ಜೈಲಿಗೆ ಹೋದರು. ಅದೇ ವರ್ಷದ ಡಿಸೆಂಬರಿನಲ್ಲಿ, ಅದೇ ಪಟ್ಟಣದಲ್ಲಿ, ಹಿಂದಿನ ಯುದ್ಧದ ಶಿಬಿರಗಳಲ್ಲಿ ಸತ್ತ ಬಿಳಿ ಹೆಂಗಸರಿಗಾಗಿ ಎತ್ತರದ ಕಲ್ಲಿನ ಕಂಬ ನಿಲ್ಲಿಸಿ ದೊಡ್ಡ ದೊಡ್ಡವರು ಭಾಷಣ ಮಾಡಿದರು. ಥರ್ಮೋಕೋಲಿನಲ್ಲಿ ಆ ಕಂಬ ಮಾಡಿದವನು ನಾನೇ. ಚೆನ್ನಾಗಿ ಬಂದಿದೆ ಎಂದು ನೀವು ಚಪ್ಪಾಳೆ ತಟ್ಟಿದಿರಿ.

ಅಲ್ಲಿದ್ದ ನಮ್ಮ ಭಾರತೀಯರಿಗೆ ಏನಾಯಿತು? ಕ್ಷೌರದ ಕೆಲಸದ ಒಬ್ಬ ಬಡಪಾಯಿ ಊರಿಗೆ ಹೋಗಿ ಹೆಂಡತಿಯನ್ನು ಹಡಗಿನಲ್ಲಿ ಕರೆತಂದ. ಬಂದರಿನಲ್ಲಿ ಅವಳನ್ನು ಇಳಿಯಲು ಬಿಡಲಿಲ್ಲ. ಕೋರ್ಟಿಗೆ ಹೋದರೆ ಜಡ್ಜು ಹೇಳಿದ್ದೇನು? ಕ್ರೈಸ್ತ ಪದ್ಧತಿಯಲ್ಲಿ ಆಗದ ಇವರ ಮದುವೆ ಇಲ್ಲಿ ಮದುವೆಯೇ ಅಲ್ಲ, ಆದ್ದರಿಂದ ಇವಳು ಹೆಂಡತಿಯೇ ಅಲ್ಲ. ಬೆಳಿಗ್ಗೆ ಗಂಡನಿಗೆ ಚಹಾ ಕೊಟ್ಟ ಸಾವಿರಾರು ಹೆಂಗಸರು ಸಂಜೆಯೊಳಗೆ ಯಾರಿಗೂ ಏನೂ ಅಲ್ಲದವರಾದರು. ಅಲ್ಲಿಂದ ಅವರು ಸೀರೆ ಸೊಂಟಕ್ಕೆ ಸಿಕ್ಕಿಸಿ, ಪ್ರಾಂತ್ಯದ ಗಡಿ ದಾಟಿ, ಕಲ್ಲಿದ್ದಲಿನ ಗಣಿಯವರೆಗೆ ನಡೆದರು. ಅವರ ಮಾತು ಕೇಳಿ ಗಣಿಯವರು ಗುದ್ದಲಿ ಕೆಳಗಿಟ್ಟರು. ಮರುವರ್ಷ ಸರ್ಕಾರ ಮದುವೆಗಳನ್ನು ಒಪ್ಪಿಕೊಂಡಿತು.

ನಮ್ಮ ನಿಖಿತಾ ಆ ಹೆಂಡತಿಯಾಗಿ ಹಡಗಿನ ಮೆಟ್ಟಿಲಲ್ಲಿ ನಿಂತು, "ನಾನು ಯಾರ ಹೆಂಡತಿ ಎಂದು ನಿಮ್ಮ ಕಾಗದ ಹೇಳಬೇಕಾ?" ಎಂದಾಗ ಮುಂದಿನ ಸಾಲಿನಲ್ಲಿ ಎಷ್ಟು ಜನ ಕಣ್ಣು ಒರೆಸಿಕೊಂಡಿರಿ! ನಾನು ಪರದೆಯ ಬದಿಯಿಂದ ನೋಡಿದೆ. ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು.

ಯಾಕೆ ಸಿಟ್ಟು? ಹೊರಗೆ ಕಾಯುತ್ತಿರುವುದು ನನ್ನ ಹೆಂಡತಿ ಗರ್ಟ್ರೂಡ್. ನಾನು ಇಲ್ಲಿಗೆ ಬಂದ ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಕುವೈತ್ ನೋಡಲು ಬಂದಿದ್ದಾಳೆ, ಒಂದು ತಿಂಗಳ ವಿಸಿಟ್ ವೀಸಾದಲ್ಲಿ. ಮಹಬೂಲಾದ ಕೋಣೆಗೆ ಕರೆದುಕೊಂಡು ಹೋಗುವಂತಿಲ್ಲ. ಖೈತಾನ್‌ನಲ್ಲಿ ಪರಿಚಯದ ಕೊನ್ರಾಡ್ ಅವರ ಫ್ಲ್ಯಾಟಿನಲ್ಲಿ, ಹಲಗೆ ಅಡ್ಡ ಹಾಕಿದ ಒಂದು ಪಾರ್ಟಿಶನ್ ಬಾಡಿಗೆಗೆ ಹಿಡಿದಿದ್ದೇನೆ. ನಾಡಿದ್ದು ಅವಳ ವಿಮಾನ. ಪ್ರತಿ ವರ್ಷ ನನ್ನ ಸ್ಟೇಜಿನ ಫೋಟೋ ನೋಡುತ್ತಿದ್ದವಳು, "ಒಮ್ಮೆ ಕಣ್ಣಾರೆ ನೋಡಬೇಕು" ಎಂದಿದ್ದಳು. ಅವಳು ಕೇಳಿದ್ದು ಅದೊಂದೇ.

ಸಂಜೆ ಗೇಟಿನಲ್ಲಿ ಸ್ವಯಂಸೇವಕ ನಿತೇಶ್ ತಡೆದ. "ಅಂಕಲ್, ನೀವು ಹೋಗಿ. ಆಂಟಿಯನ್ನು ಬಿಡ್ಲಿಕ್ಕೆ ಆಗುದಿಲ್ಲ. ನಿಮ್ದು ಬ್ಯಾಚುಲರ್ ಪಾಸಲ್ವಾ? ಬಾಲ್ಕನಿಗೆ ಲೇಡೀಸ್ ಇಲ್ಲ, ಕೆಳಗೆ ಫ್ಯಾಮಿಲಿ ಪಾಸ್ ಬೇಕು." ಫ್ಯಾಮಿಲಿ ಪಾಸ್‌ಗೆ ಹೆಂಡತಿಯ ಸಿವಿಲ್ ಐಡಿ ಬೇಕು, ಇಲ್ಲಿ ವಾಸ ಇರುವವರಿಗೆ ಮಾತ್ರ ಸಿಗುವ ಕಾರ್ಡು. ವಿಸಿಟ್‌ನಲ್ಲಿ ಬಂದವಳಿಗೆ ಅದೆಲ್ಲಿಂದ? ಅಧ್ಯಕ್ಷರ ಹತ್ತಿರ ಓಡಿದೆ. ಅವರು ಒಳ್ಳೆಯ ಮಾತಿನಲ್ಲೇ ಹೇಳಿದರು, "ಬರ್ನಾರ್ಡ್, ಒಬ್ರಿಗೆ ಬಿಟ್ರೆ ನಾಳೆ ಎಲ್ರೂ ಕೇಳ್ತಾರೆ. ಗೇಟಲ್ಲಿ ನಿಂತು ನೀವೇ ಹೇಳ್ತಿದ್ರಲ್ಲ?"

ಸಭಿಕರೇ, ಹದಿಮೂರನೇ ಇಸವಿಯ ಆ ಜಡ್ಜಿನ ಎದುರು ನನ್ನ ಗರ್ಟ್ರೂಡ್ ನಿಂತಿದ್ದರೆ ಪಾಸಾಗುತ್ತಿದ್ದಳು. ಪಾದ್ರಿಗಳು ಮಾಡಿಸಿದ ಮದುವೆ, ಇಗರ್ಜಿಯ ಪುಸ್ತಕದಲ್ಲಿ ಸಹಿ ಉಂಟು. ಅಂಥ ಜಡ್ಜು ಹೆಂಡತಿ ಎಂದು ಒಪ್ಪುತ್ತಿದ್ದವಳನ್ನು ನನ್ನ ಸಂಘ ಒಪ್ಪಲಿಲ್ಲ. ಇದಕ್ಕೆ ಯಾವ ಸರ್ಕಾರವನ್ನು ಬೈಯಲಿ? ಈ ನಿಯಮ ಕುವೈತಿನದ್ದಲ್ಲ, ನಮಗೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಕಫೀಲ್‌ನದ್ದಲ್ಲ. ನಮ್ಮದು.

ನಮ್ಮದು ಎಂದು ಯಾಕೆ ಹೇಳುತ್ತೇನೆಂದರೆ, ಅಧ್ಯಕ್ಷರು ಹೇಳಿದ್ದು ಸುಳ್ಳಲ್ಲ. ಹನ್ನೊಂದು ವರ್ಷದ ಹಿಂದೆ ಎದೆಗೆ ಬ್ಯಾಜು ಚುಚ್ಚಿಕೊಂಡು ಆ ಗೇಟಿನಲ್ಲಿ ನಾನೇ ನಿಂತಿದ್ದೆ. ನನ್ನದೇ ಕೋಣೆಯ ಆಗಸ್ಟಿನ್, ವಿಸಿಟ್‌ನಲ್ಲಿ ಬಂದ ಹೆಂಡತಿಯನ್ನು ಕರೆದುಕೊಂಡು ಬಂದ. ಆಕೆ ನನ್ನನ್ನು ಸಂಘದ ದೊಡ್ಡ ಜನ ಎಂದುಕೊಂಡು ಕೈ ಮುಗಿದರು. ನಾನು, "ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಬರ್ತಾರೆ ಮಾರಾಯ" ಎಂದೆ. ಫ್ಯಾಮಿಲಿಯವರು ನನ್ನ ಬೆನ್ನು ತಟ್ಟಿದರು, ನನಗದು ಹಿತವಾಯಿತು. ಆಗಸ್ಟಿನ್ ಊರಿಗೆ ಹೋಗುವವರೆಗೆ ನನ್ನ ಪಕ್ಕದ ಮಂಚದಲ್ಲೇ ಮಲಗಿದ. ಮಾತು ಮಾತ್ರ ಅಂದಿಗೇ ಖಲಾಸ್. ಇದನ್ನು ಹೇಳಬೇಕೆಂದು ನಾನು ಬಂದದ್ದಲ್ಲ. ಹೇಳಿಯಾಯಿತು.

ಒಂದೇ ಮಾತು ಉಳಿದಿದೆ. ನಿತೇಶನ ತಲೆಯ ಮೇಲೆ ತೂಗುತ್ತಿದೆಯಲ್ಲ ಬೋರ್ಡು, "ಫ್ಯಾಮಿಲಿ ಪಾಸ್ ಇದ್ದವರಿಗೆ ಮಾತ್ರ" ಎಂದು, ನೀಲಿ ಬಣ್ಣದಲ್ಲಿ? ಗರ್ಟ್ರೂಡ್ ಅದನ್ನು ತುಂಬಾ ಹೊತ್ತು ನೋಡಿದಳು. ಫೋನು ಬರುವ ಮೊದಲು ಹತ್ತು ವರ್ಷ ನನ್ನ ಕಾಗದಗಳನ್ನು ಓದಿದವಳು ಅವಳು. ಕೊಂಕಣಿಯಲ್ಲಿ ಕೇಳಿದಳು, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ: "ಇದು ನೀವು ಬರೆದದ್ದಲ್ಲವಾ?" ಹೌದೆಂದೆ. "ಚೆಂದ ಉಂಟು" ಎಂದಳು. ಆಮೇಲೆ ಪಾರ್ಕಿಂಗ್ ಬದಿಯ ಕಟ್ಟೆಯಲ್ಲಿ ಹೋಗಿ ಕುಳಿತಳು. ನಾನು ಒಳಗೆ ಬಂದು ನಿಮ್ಮಿಂದ ಶಾಲು ಹೊದೆಸಿಕೊಂಡೆ. ಅವಳ ಜತೆ ಅಲ್ಲೇ ಕುಳಿತುಕೊಳ್ಳಬಹುದಿತ್ತು, ಕುಳಿತುಕೊಳ್ಳಲಿಲ್ಲ.

ಈ ಶಾಲನ್ನು ಮೇಜಿನ ಮೇಲೆ ಇಡುತ್ತಿದ್ದೇನೆ. ಗೇಟಿನ ಬೋರ್ಡನ್ನು ಹೋಗುವಾಗ ಬಿಚ್ಚಿಕೊಂಡು ಹೋಗುತ್ತೇನೆ. ಮುಂದಿನ ವರ್ಷಕ್ಕೆ ಬೇಕಿದ್ದರೆ ಬೇರೆ ಯಾರಿಂದಾದರೂ ಬರೆಸಿಕೊಳ್ಳಿ. ಕಾವೇರಮ್ಮ ಟೀಚರಿಗೆ, ಮಗು ನಿಖಿತಾಗೆ, ಕುಳಿತು ಕೇಳಿದವರಿಗೆ, ನಿಂತು ಕೇಳಿದವರಿಗೆ ನನ್ನ ಧನ್ಯವಾದ. ಇವತ್ತು ನನ್ನ ಸ್ಟೇಜು ಹೇಗೆ ಬಂದಿತ್ತೆಂದು ಅವಳು ಕೇಳುತ್ತಾಳೆ, ಹೋಗಿ ಬಾಯಲ್ಲೇ ಹೇಳಬೇಕು. ನಮಸ್ಕಾರ.