ಗಾದೆಮ್ಮನ ಮೊಳ

ಹೂವಿನಹಡಗಲಿ ಬಸ್ ನಿಲ್ದಾಣದಲ್ಲಿ ಹೂ ಮಾರುವ ಗಾದೆಮ್ಮನ ಎಡಗೈ ಮೇಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ಉದ್ದನೆಯ ಕಲೆಯಿದೆ. ಬುಟ್ಟಿಯ ಪಕ್ಕ ಒಂದು ರಟ್ಟು: ‘ಇವತ್ತಿನ ಹೂವಿನ ದುಡ್ಡು ಚರ್ಮದ ಕ್ಯಾನ್ಸರ್ ಸಂಶೋಧನೆಗೆ.’ ನಾನು ಬಸ್ಸಿಗೆ ಕಾಯುತ್ತಿದ್ದೆ. ಜರಿಸೀರೆಯ ಹೆಂಗಸೊಬ್ಬಳು ಬಂದಳು.

“ನಾಕು ಮೊಳ ಮಲ್ಲಿಗಿ ಕೊಡು. ಆ ಕೈಮ್ಯಾಲೆ ಅಳೀಬ್ಯಾಡ ಮತ್ತ.”

“ಯಾಕ್ರೀ ಅಮ್ಮಾರ?”

“ದೇವರಿಗೆ ಬೇಕು. ರೋಗ ಹತ್ತಿದ ಕೈ ಅದು.”

“ಕೊಯ್ದು ತಗದು ಮೂರು ವರ್ಷಾತ್ರಿ. ಅಂಟೋ ರೋಗಲ್ಲದು.”

“ಆರಾಮಾಗೀಯಲ್ಲ, ಮತ್ಯಾಕ ಈ ಭಿಕ್ಷಾ ಬೇಡೋ ವೇಷ?”

“ದವಾಖಾನ್ಯಾಗ ನನ್ನ ಬಾಜೂ ಮಂಚದ ಹುಡುಗಿಗೆ ಯಾವ ಔಷಧಾನೂ ಹತ್ತಲಿಲ್ರಿ. ಹತ್ತೋದನ್ನ ಹುಡುಕಲಿ ಅಂತ.”

“ನಿನ್ನ ಬುಟ್ಟಿ ಹೂವಿನಾಗ ಹುಡುಕ್ತಾರ? ಲಗೂನ ಕೊಡು, ಬಸ್ ಬಂತು.”

“ಹಂಗಾರ ನಿಮ್ಮ ಕೈಮ್ಯಾಲೆ ಅಳಕೊಳ್ರಿ.”

ಹೆಂಗಸು ತನ್ನ ಗಿಡ್ಡ ಕೈಯ ಮೇಲೆ ನಾಲ್ಕು ಸಲ ಅಳೆದಳು. ಗಾದೆಮ್ಮ ಅಲ್ಲಿಗೇ ದಾರ ಕತ್ತರಿಸಿದಳು.

“ಇಷ್ಟಽ ಆತಲ್ಲ! ನಿನ್ನ ಮೊಳ ಉದ್ದ ಇರತೈತಿ.”

“ಹೌದ್ರಿ, ಉದ್ದ ಐತಿ. ಆ ಕೈ ಬ್ಯಾಡಂದ್ರಲ್ಲ.”

ಹೆಂಗಸು ನಾಲ್ಕು ಮೊಳದ ದುಡ್ಡು ಕೊಟ್ಟು, ಗಾದೆಮ್ಮನ ಕೈಯಳತೆಯಲ್ಲಿ ಮೂರು ಮೊಳದಷ್ಟೇ ಹೂ ಹಿಡಿದು ಬಸ್ ಹತ್ತಿದಳು.