ಕಳೆದುಹೋದ ಕನ್ನಡಕ

ಅಂದು ಬೆಳಗ್ಗೆ ದಟ್ಟ ಮಂಜು ಕವಿದಿತ್ತು. ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ದರ್ಜಿಯ ಕಿವಿಗೆ ಪಕ್ಕದ ಗಂಡಹೆಂಡಿರ ಮಾತು ತಾನಾಗಿ ಬಿತ್ತು.

"ಕನ್ನಡಕ ಕಳೆದು ವಾರವಾಯ್ತು. ಈಗಲಾದ್ರೂ ಬೆಳಗಿನ ಆ ಗೀಚಾಟ ಬಿಡ್ತೀಯಾ?" ಗಂಡ ಕೇಳಿದ.

"ಬಿಟ್ಟಿಲ್ಲವಲ್ಲ. ಇವತ್ತೂ ಬರೆದೆ."

"ಕಣ್ಣು ಕಾಣದೆ?"

"ಅಕ್ಷರಾನ ಕುಂಬಳಕಾಯಿ ಗಾತ್ರ ಮಾಡಿಕೊಂಡೆ."

"ಯಾರು ಓದ್ತಾರೆ, ನಿನ್ನ ಕರ್ಮ!"

"ಯಾರೂ ಓದೋದು ಬೇಡ. ಮನೆ ಏಳೋ ಮುಂಚಿನ ಅರ್ಧ ಗಂಟೆ ನನ್ನದು."

"ಅಲ್ಲೀವರೆಗೆ ನಾನು ಚಹಾಕ್ಕೆ ಬಾಯಿ ಬಿಟ್ಕೊಂಡು ಕೂರಬೇಕು!"

"ಕನ್ನಡಕ ಬಚ್ಚಿಡೋಕೆ ಬರೋ ಕೈಗೆ ಚಹಾ ಕಾಯಿಸೋಕೆ ಬರಲ್ವಾ?"

ಗಂಡನ ಕೈ ಒಳಜೇಬಿನ ಮೇಲೆ ಹೋಯಿತು. ದೇವರೇ, ಈ ತಾಯಿಯ ಅರ್ಧ ಗಂಟೆ ಕಾಪಾಡಪ್ಪ ಎಂದು ದರ್ಜಿ ಮನಸ್ಸಿನಲ್ಲೇ ಬೇಡಿಕೊಂಡ.

ನರ್ಸು ಹೆಂಡತಿಯ ಹೆಸರು ಕೂಗಿದಳು. ಆಕೆ ಎದ್ದಳು. "ಹೊಸದು ಮಾಡಿಸ್ಕೊಂಡೇ ಬರ್ತೀನಿ. ಅದನ್ನೂ ಬಚ್ಚಿಡಿ, ನೋಡೋಣ."

ಗಂಡ ಅವಳ ಮುಖ ನೋಡದೆ, ಒಳಜೇಬಿನಿಂದ ಹಳೇ ಕನ್ನಡಕ ತೆಗೆದು ಅವಳ ಅಂಗೈಯಲ್ಲಿಟ್ಟ. ಆಕೆ ಅದನ್ನು ಹಾಕಿಕೊಂಡು, ಡಾಕ್ಟರ ಕೋಣೆಗೆ ಹೋಗದೆ, ಮನೆಯ ದಾರಿ ಹಿಡಿದಳು.