ಹೆಸರು ದೆವ್ವಾನೇ ಹೇಳಬೇಕು

...ಹೂಂ, ನಿನ್ನ ಸಣ್ಣ ಮಾವ ಮಾಳಿಂಗಪ್ಪನೂ ಹಿಂಗೇ ಗೋಡಿಗೆ ಆತು ಕುಂತಿದ್ದ. ನನ್ನ ಗಂಡ ಸತ್ತು ಹದಿಮೂರು ದಿನಾನೂ ಆಗಿರಲಿಲ್ಲ. "ಗಂಗಾಬಾಯಿ ಕಡಿಂದ ಒಕ್ಕಲತನ ನೀಗೂದಿಲ್ಲ" ಅಂದ. ನೀಗಿತೋ ಇಲ್ಲೋ? ಹೇಳು ಹಣಮವ್ವಾ! ಬೆಲ್ಲ ಕಟ್ಟಿದ ಕಾಗದ ಬಿಡಿಸಿ ಬಿಡಿಸಿ ಅಕ್ಷರ ಕಲ್ತಾಕಿ ನಾ. ಪಟವಾರಿ ಮುಂದ ಹೆಬ್ಬಟ್ಟು ಒತ್ತಿಲ್ಲ. ಅತ್ತಿ ಮುಂದ ನಿನ್ನ ಈ ಮೂಕಾಟ ನಡಿಯೂದಿಲ್ಲ.

ಯಾಕ ನಗ್ತಿ? ನಗಲಿಲ್ಲಾ? ತುಟಿ ಅಲುಗಿತಲ್ಲ!

ನಿನ್ನೆ ಎಳ್ಳಮಾಸಿ. ಹಿತ್ತಲ ಹಿಂದಿನ ಬಾವಿ ಹೊಲದಾಗ ಭೂಮಿತಾಯಿಗೆ ಚರಗಾ ಚೆಲ್ಲಿ ಬಾ ಅಂತ ಕಳಿಸಿದ್ರ, ಬುಟ್ಟಿ ಅಲ್ಲೇ ಒಗದು ಓಡಿ ಬಂದಿ. ಆಗಿಂದ ಮಾತಿಲ್ಲ, ಕೂಳಿಲ್ಲ. ಗಾಳಿ ಸೋಕ್ಯಾದ ಅಂತಾರ ಮಂದಿ. ತವರಿಗೆ ಹೋಗೂ ಹುನ್ನಾರ ಅಂತೇನಿ ನಾ. ದೆವ್ವ ಬಿಡಿಸಾಕ ಬಂದ ಆ ನರೋಣಾದ ಗುರಣ್ಣಗ ಏನು ಹೇಳಿಕೊಟ್ಟಿ?... ನಾನೇ ಯಾಕ ಹೊಲಕ್ಕ ಹೋಗಲಿಲ್ಲಾ? ಮೊಣಕಾಲು ನೋವು. ಹಂಗ ನೋಡಬ್ಯಾಡ!

ಗುರಣ್ಣಾ, ನೀ ಹೊರಗೇ ಕುಂತು ಮಂತ್ರ ಹೇಳು! ನಾನೇ ಕೇಳ್ತೇನಿ. ದೆವ್ವ ಬಿಡಿಸೂದು ಏನು ದೊಡ್ಡ ವಿದ್ಯಾ? ಬೇವಿನ ತಪ್ಪಲ, ಲೋಬಾನದ ಹೊಗಿ, ಮೂರು ಮಾತು. ಯಾರು ನೀ? ಎಲ್ಲಿಂದ ಬಂದಿ? ಏನು ಬೇಕು?... ನೆನಪದ ಗುರಣ್ಣಾ, ನೆನಪದ! ಹೆಸರು ದೆವ್ವಾನೇ ಹೇಳಬೇಕು. ಹೆಸರು ಹಿಡದು ಯಾರು ಮೊದಲು ಕರೀತಾರೋ ಅವರಿಗೇ ಅದು ಗಂಟು ಬೀಳ್ತದ.

ಹಾಂ, ಹೊಗಿ ಹಾಕೇನಿ. ಯಾರು ನೀ?

ಬಾಗಿಲ ಕಡಿ ಏನು ನೋಡಾಕತ್ತಿ? ಅಗಳಿ ನಾನೇ ಹಾಕೇನಿ.

ಯಾರು ನೀ? ಬಾವಿಗೆ ಬಿದ್ದಾಕಿ ಅಂತ ನನ್ನ ಬಾಯಿಂದ ಹೇಳಸ್ತಿ ಏನು? ಯಾರು ಊದಿದ್ರು ನಿನ್ನ ಕಿವಿಯಾಗ? ನೀ ಈ ಮನಿಗೆ ಬಂದಿದ್ದು ದೀಪಾವಳಿ ಆದ ಮ್ಯಾಲ. ಭಾದ್ರಪದದಾಗ ಹಿಂದೂಸ್ತಾನದ ಫೌಜು ಬಂತು, ನಿಜಾಮನ ರಜಾಕಾರರು ಓಡಿದ್ರು, ಊರ ಮಂದಿ ಕೊಡ್ಲಿ ಹಿಡದು ಸಾಬರ ಓಣಿಗೆ ನುಗ್ಗಿದ್ರು... ಆವತ್ತು ನಾ ಊರಾಗ ಇರಲಿಲ್ಲ. ಜೇವರ್ಗ್ಯಾಗ ಇದ್ದೆ, ತಂಗಿ ಬಾಣಂತನಕ್ಕ. ಎಲ್ಲಾರಿಗೂ ಗೊತ್ತದ.

ನೆಲ ಬಡೀಬ್ಯಾಡ ಬೇ.

ಮತ್ತ! ಮೂರು ಸಲ ಬಡಿಯೂದು, ಸುಮ್ಮನಾಗೂದು, ಮತ್ತ ಮೂರು... ಯಾರು ಕಲಿಸಿದ್ರು ನಿನಗ? ಆಕೀನೂ ಹಂಗೇ ಬಡದ್ಲು. ಹಾಡೇ ಹಗಲು. "ಗಂಗಕ್ಕಾ, ಬಾಗಿಲಾ" ಅಂತ... ಬಳಿ ಒಡದ ಸಪ್ಪಳ... ನಾ ಒಳಗ ಅಗಳಿ ಹಿಡಕೊಂಡೇ ನಿಂತಿದ್ದೆ. ಆಮ್ಯಾಲ ತನ್ನ ಬಾವಿ ಕಡಿ ಓಡಿದ್ಲು. ತೆಗದಿದ್ರ ನನ್ನ ಮನಿಗೂ ಬೆಂಕಿ ಇಡತಿದ್ರು! ಹೌದಲ್ಲ? ಹೌದನ್ನು! ಬಾಯಿ ಬಿಡು ಕರೀಮುನ್ನಿಸಾ!

...

ಹಣಮವ್ವಾ ಅಂದೆ. ಹಣಮವ್ವಾ ಅಂತಲೇ ಅಂದೆ ನಾ. ಗುರಣ್ಣಾ, ಮಂತ್ರ ಯಾಕ ನಿಲ್ಲಿಸಿದಿ? ಗುರಣ್ಣಾ?

ನೀನರೆ ಒಂದು ಮಾತಾಡು, ನನ್ನವ್ವಾ... ಮೊದಲಿಂದ ಒಂದು ಮಾತೂ ಆಡಲಿಲ್ಲಲ್ಲ ನೀ. ಎಲ್ಲಾ ನಾನೇ...

ಆಕಿ ವಾರಸುದಾರರು ಯಾರೂ ತಿರುಗಿ ಬರಲಿಲ್ಲ. ಆಕಿ ಹೊಲ ಬೀಳು ಬಿಡಬೇಕಿತ್ತೇನು? ಬಿತ್ತಿದೆ. ಜ್ವಾಳ ಎದಿ ಮಟ ಬಂದದ. ಕಲ್ಲಿನ ಮನಿ ನಂದು, ಎರಡು ಜೋಡಿ ಎತ್ತು ನನ್ನವು, ಹದಿನೆಂಟು ಎಕರೆ ನನ್ನವು. ಬಾವಿನೂ ನಂದೇ. ಎತ್ತು ಕುಡೀತಾವ, ಆಳು ಕುಡೀತಾರ, ಸಕ್ಕರಿಯಂಥ ನೀರು ಅಂತಾರ.

ನಾ ಇನ್ನೂ ಒಂದು ಗುಟುಕು ಕುಡದಿಲ್ಲ.